ಹಳೆಯ ಕಾರು ಮತ್ತು ಒಡೆಯನ ಹೊಣೆ

ಒಂದು ವಸ್ತುವನ್ನು 'ನನ್ನದು' ಎಂದು ಹೇಳುವಾಗ ನಾವು ನಿಜವಾಗಿ ಏನನ್ನು ಹೇಳುತ್ತಿದ್ದೇವೆ? ಅದಕ್ಕೆ ಹಣ ಕೊಟ್ಟವನು ನಾನು, ಅದರ ದಾಖಲೆ ನನ್ನ ಹೆಸರಿನಲ್ಲಿದೆ, ಬೇಡವೆನಿಸಿದ ದಿನ ಅದನ್ನು ಮಾರುವ ಅಧಿಕಾರವೂ ನನ್ನದೇ. ಸಾಮಾನ್ಯವಾಗಿ ನಮ್ಮ ಉತ್ತರ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಕೊಳ್ಳುವುದು ಒಂದು ದಿನದ ಕೆಲಸ. ಮಾರುವುದೂ ಒಂದು ದಿನದ ಕೆಲಸ. ಈ ಎರಡು ದಿನಗಳ ನಡುವಿನ ಹತ್ತಿಪ್ಪತ್ತು ವರ್ಷಗಳಲ್ಲಿ ಒಡೆಯನು ಆ ವಸ್ತುವಿಗೆ ಏನನ್ನಾದರೂ ಸಲ್ಲಿಸಬೇಕಾದವನೇ? ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಹಳೆಯ ಕಾರಿಗಿಂತ ಒಳ್ಳೆಯ ನಿಮಿತ್ತ ಸಿಗಲಾರದು.

ಆನೇಕಲ್ ತಾಲ್ಲೂಕಿನ ಸರ್ಜಾಪುರ ಒಂದು ಕಾಲಕ್ಕೆ ನವಿರಾದ ಮಸ್ಲಿನ್ ಬಟ್ಟೆಯ ನೇಯ್ಗೆಗೆ ಹೆಸರಾಗಿದ್ದ ಊರು. ಇಂದು ಬೆಂಗಳೂರಿನ ಇಬ್ಬಲೂರಿನಿಂದ ದೊಡ್ಡಕನ್ನಲ್ಲಿ, ದೊಮ್ಮಸಂದ್ರಗಳ ಮೂಲಕ ಆ ಊರಿಗೆ ಬರುವ ರಸ್ತೆಯ ಇಕ್ಕೆಲಗಳಲ್ಲಿ ಸಾಫ್ಟ್‌ವೇರ್ ಕಚೇರಿಗಳು, ಬಹುಮಹಡಿ ವಸತಿ ಸಮುಚ್ಚಯಗಳು ಎದ್ದು ನಿಂತಿವೆ. ಹೊಸತನ್ನು ಕೊಳ್ಳಿರೆಂದು ಕರೆಯುವ ಜಾಹೀರಾತುಗಳಿಗೆ ಅಲ್ಲಿ ಕೊರತೆಯಿಲ್ಲ. ಅಂಥ ಕಡೆಯಲ್ಲೂ ಭಾನುವಾರದ ಮಧ್ಯಾಹ್ನ ಮನೆಯಂಗಳದಲ್ಲಿ ಹಳೆಯದೊಂದು ಮಾರುತಿಯ ಬಾನೆಟ್ ಎತ್ತಿ, ಕೈಗೆ ಮಸಿ ಬಳಿದುಕೊಂಡು, ಗಂಟೆಗಟ್ಟಲೆ ಬಗ್ಗಿ ನಿಲ್ಲುವವರಿದ್ದಾರೆ. ಕೆಲವರಿಗೆ ಅದು ಉಳಿತಾಯ, ಕೆಲವರಿಗೆ ಹವ್ಯಾಸ, ಇನ್ನು ಕೆಲವರಿಗೆ ಅದು ತಂದೆ ಓಡಿಸುತ್ತಿದ್ದ ಕಾರು. ಹೊಸದನ್ನು ಕೊಳ್ಳುವ ಶಕ್ತಿಯಿದ್ದೂ ಹೀಗೇಕೆ ಎಂದು ನೆರೆಯವರು ನಗುವುದೂ ಉಂಟು.

ಈ ಹಳೆಯ ಕಾರುಗಳಿಗೆ ಈಗ ತವರುಮನೆ ಎಂಬುದಿಲ್ಲ. ಪ್ರೀಮಿಯರ್ ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳಿಗೂ ಹೆಚ್ಚಾಯಿತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, ಮಧ್ಯಮ ವರ್ಗದ ಕುಟುಂಬಗಳಿಗೆ ಮೊದಲ ಕಾರಾದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ಕೊನೆಗೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಿಡರ್ ಕಾರ್ಖಾನೆಯೂ ಕೆಲಸ ನಿಲ್ಲಿಸಿತು. ಇವುಗಳ ಬಿಡಿಭಾಗಗಳಿಗಾಗಿ ಒಡೆಯನು ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿ ಓಣಿಗಳನ್ನೂ ಸುತ್ತಬೇಕು. ಹೀಗೆ ಸುತ್ತುವ ಶ್ರಮಕ್ಕೆ ನೈತಿಕವಾದ ಅರ್ಥವೇನಾದರೂ ಇದೆಯೇ?

ಒಡೆತನದ ಆಧಾರ

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು, ಮನುಷ್ಯನು ವಸ್ತುಗಳನ್ನು ತನ್ನದೆಂದು ಇಟ್ಟುಕೊಳ್ಳುವುದು ಸರಿಯೇ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು. ಸರಿ ಎಂಬುದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಬಹಳ ಸರಳವಾದುದು. ಎಲ್ಲರಿಗೂ ಸೇರಿದ್ದನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆಂದು ಪ್ರತಿಯೊಬ್ಬನೂ ಕೈಬಿಡುತ್ತಾನೆ. ತನ್ನದಾದುದರ ಮೇಲೆ ಮಾತ್ರ ಹೆಚ್ಚಿನ ಗಮನವಿಡುತ್ತಾನೆ. ಆದರೆ ಬಳಕೆಯ ವಿಷಯದಲ್ಲಿ ಮನುಷ್ಯನು ತನ್ನ ವಸ್ತುವನ್ನು ಕೇವಲ ತನ್ನದೆಂದು ಭಾವಿಸಬಾರದು, ಇತರರ ಹಿತಕ್ಕೂ ಸಲ್ಲುವಂಥದ್ದೆಂದು ಕಾಣಬೇಕು ಎಂದೂ ಅವರು ಸೇರಿಸುತ್ತಾರೆ.

ಈ ಎರಡು ಮಾತುಗಳನ್ನು ಒಟ್ಟಿಗಿಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ದಾರಿ ತೆರೆಯುತ್ತದೆ. ಒಡೆತನವನ್ನು ಸಮರ್ಥಿಸುವುದು ಕೊಟ್ಟ ಹಣವಲ್ಲ, ತೋರಿದ ಆರೈಕೆ. ಆರೈಕೆ ಮಾಡದ ಒಡೆಯನ ಬಳಿ ದಾಖಲೆ ಇರಬಹುದು, ಆದರೆ ಒಡೆತನದ ಕಾರಣವೇ ಅವನ ಕೈಜಾರಿರುತ್ತದೆ. ಹಾಗೆಯೇ, ನೆರೆಯವನಿಗೆ ಕೇಡು ತರುವ ಆರೈಕೆಯೂ ಆರೈಕೆಯಲ್ಲ.

ಸರ್ಜಾಪುರದ ನೇಕಾರನಿಗೆ ಇದನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಮಗ್ಗದ ಹಗ್ಗ ಸಡಿಲವಾದರೆ ಬಿಗಿಯುವವನೂ ಅವನೇ, ಕಡಿದ ಎಳೆಯನ್ನು ಗಂಟುಹಾಕುವವನೂ ಅವನೇ. ಬಳಸುವವನು ಮತ್ತು ಬಲ್ಲವನು ಒಬ್ಬನೇ ಆಗಿದ್ದ ಕಾಲವದು. ನಾವು ಇಂದು ಬಳಸುವ ಹೆಚ್ಚಿನ ವಸ್ತುಗಳನ್ನು ನಾವು ಬಲ್ಲವರಲ್ಲ. ಮುಚ್ಚಳ ತೆರೆಯಲಾಗದ ಫೋನು, ಗಣಕಯಂತ್ರವನ್ನು ಜೋಡಿಸದೆ ದೋಷ ತಿಳಿಯದ ಕಾರು: ಇವುಗಳ ನಡುವೆ ನಾವು ಒಡೆಯರಂತಲ್ಲ, ಬಾಡಿಗೆದಾರರಂತೆ ಬದುಕುತ್ತಿದ್ದೇವೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿಯೊಂದನ್ನು ರಚಿಸಿ, ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದ್ದು ಈ ಕಾರಣಕ್ಕೇ. ಹಣ ಕೊಟ್ಟವನಿಗೆ ತನ್ನ ವಸ್ತುವನ್ನು ತೆರೆದು ನೋಡುವ ಅವಕಾಶವೂ ಇಲ್ಲವೆಂದರೆ ಆ ಕ್ರಯ ಪೂರ್ಣವಾಗಿಲ್ಲವೆಂದೇ ತಿಳಿಯಬೇಕು.

ಯಂತ್ರ ಕಲಿಸುವ ಪಾಠ

ಹಳೆಯ ಕಾರಿನ ಎಂಜಿನ್ ತನ್ನನ್ನು ಬಚ್ಚಿಡುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡಿರಿ. ತಿಳಿಗಂದು ಬಣ್ಣವಿದ್ದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆ. ಒಣ ಕಾಡಿಗೆ ಮೆತ್ತಿದ್ದರೆ ಗಾಳಿ ಕಡಿಮೆಯಾಗಿದೆ ಅಥವಾ ಪೆಟ್ರೋಲ್ ಹೆಚ್ಚಾಗಿದೆ. ಎಣ್ಣೆಯ ಜಿಡ್ಡಿದ್ದರೆ ಒಳಗಿನ ಸವೆತ ಆರಂಭವಾಗಿದೆ. ಗಾಳಿಯ ಫಿಲ್ಟರ್ ಬದಲಿಸುವುದು, ಎಂಜಿನ್ ಎಣ್ಣೆಯ ಮಟ್ಟ ನೋಡುವುದು, ಬ್ಯಾಟರಿಯ ತಂತಿಗಳಿಗೆ ಹಿಡಿದ ಕಿಲುಬು ತೆಗೆಯುವುದು, ರೇಡಿಯೇಟರ್‌ನ ರಬ್ಬರ್ ಕೊಳವೆಗಳನ್ನು ಎಂಜಿನ್ ತಣ್ಣಗಿರುವಾಗ ಬೆರಳಿನಿಂದ ಒತ್ತಿ ಬಿರುಕು ಹುಡುಕುವುದು: ಇವೆಲ್ಲ ಮನೆಯಂಗಳದಲ್ಲಿ ಯಾರೂ ಕಲಿಯಬಹುದಾದ ಕೆಲಸಗಳು. ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತು ಬರುತ್ತಿರುವ ಈ ದಿನಗಳಲ್ಲಿ, ಅದಕ್ಕೆಂದು ರೂಪಿಸದ ಹಳೆಯ ಕಾರಿನ ಇಂಧನ ಕೊಳವೆಗಳ ಮೇಲೆ ಒಡೆಯನ ಕಣ್ಣು ಇನ್ನಷ್ಟು ಇರಬೇಕು.

ಇಂಥ ಕೆಲಸ ಮನುಷ್ಯನಿಗೆ ಸತ್ಯನಿಷ್ಠೆಯನ್ನು ಕಲಿಸುತ್ತದೆ. ಕಚೇರಿಯಲ್ಲಿ ತಡವಾದ ಕೆಲಸಕ್ಕೆ ನೆಪ ಹೇಳಬಹುದು. ಸಭೆಯಲ್ಲಿ ಮಾತಿನ ಬಲದಿಂದ ಗೆಲ್ಲಬಹುದು. ಬಿಗಿಯದ ಬೋಲ್ಟು ಯಾವ ನೆಪವನ್ನೂ ಕೇಳುವುದಿಲ್ಲ. ಪಕ್ಕದಲ್ಲಿ ನಿಂತು ಪಾನಾ ಎತ್ತಿಕೊಡುವ ಮಗುವೂ ಮಾತಿಲ್ಲದೆ ಇದನ್ನು ಕಲಿಯುತ್ತದೆ: ಕೆಟ್ಟದ್ದೆಲ್ಲವೂ ಎಸೆಯತಕ್ಕದ್ದಲ್ಲ, ಕಾರಣ ತಿಳಿದರೆ ಸರಿಪಡಿಸಬಹುದು.

ಒಂದು ಗಂಟೆಗೆ ಅಷ್ಟು ಸಂಪಾದಿಸುವವನು ಈ ಕೆಲಸಕ್ಕೆ ಕೂಡುವುದು ನಷ್ಟವಲ್ಲವೇ ಎಂದು ಕೇಳುವವರಿದ್ದಾರೆ. ಎಲ್ಲ ಗಂಟೆಗಳನ್ನೂ ಸಂಬಳದಿಂದ ಅಳೆಯುವವನಿಗೆ ಅಡುಗೆ ಮಾಡುವುದೂ ನಷ್ಟ, ವೃದ್ಧ ತಾಯಿಯ ಬಳಿ ಕುಳಿತುಕೊಳ್ಳುವುದೂ ನಷ್ಟ. ಆದರೆ ಮೆಕ್ಯಾನಿಕನ ಅನ್ನವನ್ನು ಕಸಿದಂತಾಗದೇ ಎಂಬ ಪ್ರಶ್ನೆ ಹಗುರವಾದುದಲ್ಲ. ಅನುಭವದ ಉತ್ತರವಿಷ್ಟೇ: ತನ್ನ ಕೈಯಿಂದ ಕೆಲಸ ಮಾಡಿ ನೋಡಿದವನು ಮೆಕ್ಯಾನಿಕನ ಬೆಲೆಯನ್ನು ಅರಿಯುತ್ತಾನೆ. ಅಂಥವನು ಕೂಲಿಗಾಗಿ ಚೌಕಾಸಿ ಮಾಡಲು ನಾಚುತ್ತಾನೆ. ಹಳೆಯ ಕಾರುಗಳು ಓಡುತ್ತಿರುವುದರಿಂದಲೇ ಎಷ್ಟೋ ಸಣ್ಣ ಗ್ಯಾರೇಜುಗಳ ಬಾಗಿಲು ಇನ್ನೂ ತೆರೆದಿದೆ.

ಪ್ರೀತಿಗೂ ಒಂದು ಮಿತಿ

ಇಲ್ಲಿಯವರೆಗೆ ಹಳೆಯ ಕಾರಿನ ಪರವಾಗಿ ಹೇಳಿದ್ದಾಯಿತು. ಇನ್ನು ಅಕ್ವಿನಾಸರ ಎರಡನೆಯ ಮಾತಿಗೆ ಬರಬೇಕು. ಕಾರು ನನ್ನದು, ರಸ್ತೆ ಎಲ್ಲರದು. ನನ್ನ ದುರಸ್ತಿ ಸೋತಾಗ ಅದರ ಬೆಲೆ ತೆರುವವನು ಹೆಚ್ಚಾಗಿ ಶಾಲೆಯಿಂದ ನಡೆದುಬರುವ ಹುಡುಗ, ಸೈಕಲ್ ಮೇಲಿನ ಕೂಲಿಯವನು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಿದ ಎಣ್ಣೆ ಬಿಸಿಯಲ್ಲಿ ಕುದಿದು, ತುಳಿದ ಪೆಡಲ್ ಹಿಡಿತವಿಲ್ಲದೆ ಕೆಳಗಿಳಿಯಬಹುದು. ಆದ್ದರಿಂದ ಬ್ರೇಕ್, ಸ್ಟೇರಿಂಗ್‌ನಂಥ ಭಾಗಗಳಲ್ಲಿ 'ನಾನೇ ಮಾಡಿಬಿಡುತ್ತೇನೆ' ಎಂಬ ಹಟ ಸದ್ಗುಣವಲ್ಲ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಮಲಗುವುದು ಧೈರ್ಯವಲ್ಲ, ಮನೆಯವರ ಬಗೆಗಿನ ಅಲಕ್ಷ್ಯ. ತನ್ನ ಅರಿವಿನ ಗಡಿಯನ್ನು ಅರಿತು ಬಲ್ಲವರ ಬಳಿ ಹೋಗುವುದೂ ಆರೈಕೆಯ ಭಾಗವೇ. ಆಯುಧಪೂಜೆಯಂದು ನೆರೆಮನೆಯವರು ವಾಹನಕ್ಕೆ ಹೂ ಮುಡಿಸುತ್ತಾರೆ. ನಾವು ಗುರುಗಳಿಂದ ಆಶೀರ್ವಾದ ಮಾಡಿಸುತ್ತೇವೆ. ಎರಡೂ ಒಳ್ಳೆಯವೇ. ಆದರೆ ಪವಿತ್ರ ಜಲವು ಬ್ರೇಕ್ ಎಣ್ಣೆಯ ಕೆಲಸವನ್ನು ಮಾಡಲೆಂದು ನಿರೀಕ್ಷಿಸುವುದು ಭಕ್ತಿಯಲ್ಲ.

ಮಣ್ಣೂ ಗಾಳಿಯೂ ನಮ್ಮ ನೆರೆಯವರೇ. ಸಣ್ಣ ಕಾರಿನಿಂದ ಹೊರತೆಗೆದ ಮೂರು ಲೀಟರಿನಷ್ಟು ಕಪ್ಪು ಎಣ್ಣೆಯನ್ನು ಚರಂಡಿಗೋ ಖಾಲಿ ನಿವೇಶನಕ್ಕೋ ಸುರಿದರೆ ಅದು ಕೊನೆಗೆ ಸೇರುವುದು ಕೆರೆಯನ್ನು, ಕೊಳವೆಬಾವಿಯನ್ನು. 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯಗಳ ಸಾಲಿನಲ್ಲಿ ಇರಿಸಿವೆ. ಡಬ್ಬದಲ್ಲಿ ತುಂಬಿ, ಅದನ್ನು ಸಂಗ್ರಹಿಸಿ ಮರುಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸುವ ತನಕ ದುರಸ್ತಿ ಮುಗಿಯಿತೆಂದು ಹೇಳಲಾಗದು.

ಗಾಳಿಯ ಪ್ರಶ್ನೆ ಇನ್ನೂ ಕಠಿಣ. ಎಷ್ಟೇ ಅಕ್ಕರೆಯಿಂದ ಕಾಪಾಡಿದರೂ 1990ರ ಕಾರಿನ ಹೊಗೆಯನ್ನು, 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ಮಾನದಂಡದ ಮಟ್ಟಕ್ಕೆ ತರಲಾಗದು. ಹಾಗಾದರೆ ಕಾರಿನ ಯೋಗ್ಯತೆಗೆ ಅಳತೆ ಯಾವುದು, ವಯಸ್ಸೋ ಸ್ಥಿತಿಯೋ? ದೆಹಲಿಯಲ್ಲಿ 2015ರ ಹಸಿರು ನ್ಯಾಯಮಂಡಳಿಯ ಆದೇಶ ಹಾಗೂ 2018ರ ಸುಪ್ರೀಂ ಕೋರ್ಟ್ ಆದೇಶಗಳು ಡೀಸೆಲ್ ವಾಹನಕ್ಕೆ 10, ಪೆಟ್ರೋಲ್ ವಾಹನಕ್ಕೆ 15 ವರ್ಷವೆಂದು ವಯಸ್ಸನ್ನೇ ಅಳತೆಯಾಗಿಸಿದವು. 2025ರಲ್ಲಿ ಆ ಪ್ರಶ್ನೆ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ನಮ್ಮ ರಾಜ್ಯದಲ್ಲಿ 15 ವರ್ಷ ತುಂಬಿದ ಖಾಸಗಿ ಕಾರನ್ನು ಪರೀಕ್ಷೆಗೆ ಒಡ್ಡಿ, ಯೋಗ್ಯವೆನಿಸಿದರೆ ಐದು ವರ್ಷಕ್ಕೆ ನೋಂದಣಿ ನವೀಕರಿಸುವ ಕ್ರಮವಿದೆ. ಸ್ಥಿತಿಯನ್ನು ನೋಡುವ ಈ ಕ್ರಮ ನ್ಯಾಯವಾದುದೇ. ಆದರೆ ಆ ನ್ಯಾಯ ನಿಲ್ಲುವುದು ಪರೀಕ್ಷೆಗೆ ಕಾರನ್ನು ತರುವವನ ಪ್ರಾಮಾಣಿಕತೆಯ ಮೇಲೆ. ಹೊಗೆ ತಪಾಸಣೆಯ ಚೀಟಿಯನ್ನು ತಪಾಸಣೆಯಿಲ್ಲದೆ ಪಡೆಯುವವನು ಹಳೆಯ ಕಾರಿನ ಪರವಾಗಿ ವಾದಿಸುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ದಿನವೂ ನಲವತ್ತು ಕಿಲೋಮೀಟರ್ ಓಡುವವನಿಗೂ ವಾರಕ್ಕೊಮ್ಮೆ ದೇವಾಲಯಕ್ಕೂ ಸಂತೆಗೂ ಹೋಗಿಬರುವವನಿಗೂ ಇಲ್ಲಿ ಉತ್ತರ ಒಂದೇ ಆಗಿರಬೇಕಾಗಿಲ್ಲ.

ಬಿಟ್ಟುಕೊಡುವ ದಿನ

ಮನುಷ್ಯನ ಆರೈಕೆಗೆ ಕೊನೆಯ ಉಸಿರಿನವರೆಗೂ ಅವಧಿ ಎಂಬುದಿಲ್ಲ; ವಸ್ತುವಿನ ಆರೈಕೆಗೆ ಉಂಟು. ಅಡಿಯ ಕಬ್ಬಿಣ ತುಕ್ಕು ಹಿಡಿದು ಕಾರಿನ ಬಲವೇ ಕುಂದಿದಾಗ, ನೆನಪುಗಳಿಗಾಗಿ ಅದನ್ನು ರಸ್ತೆಯ ಮೇಲೆ ಓಡಿಸುವುದು ಆಸಕ್ತಿಯಾಗಿ ಉಳಿಯದೆ ವ್ಯಾಮೋಹವಾಗುತ್ತದೆ. ಆಗ ಅದನ್ನು ನೋಂದಾಯಿತ ಗುಜರಿ ಘಟಕಕ್ಕೆ ಒಪ್ಪಿಸುವುದೇ ಸರಿ. ಇನ್ನೂ ಓಡುವ ಸ್ಥಿತಿಯಲ್ಲಿದ್ದು ಮಾರುವುದಾದರೆ, ಒಡೆಯನ ಕೊನೆಯ ಪರೀಕ್ಷೆ ಆ ದಿನವೇ ನಡೆಯುತ್ತದೆ. ಗೇರು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಣ್ಣೆ ಎಲ್ಲಿ ಒಸರುತ್ತದೆ ಎಂಬುದು ಇಷ್ಟು ವರ್ಷ ಅದರೊಳಗೆ ಕೈಯಿಟ್ಟವನಿಗಲ್ಲದೆ ಮತ್ತಾರಿಗೂ ಅಷ್ಟು ಚೆನ್ನಾಗಿ ತಿಳಿದಿರದು. ಕೊಳ್ಳಲು ಬಂದವನು ತನ್ನ ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ಹೋಗುವವನು. ಅವನು ಕೇಳದಿದ್ದರೂ ಅವೆಲ್ಲವನ್ನೂ ಹೇಳಿ, ಅದಕ್ಕೆ ತಕ್ಕಷ್ಟು ಬೆಲೆ ಇಳಿಸಿ, ಬೀಗದ ಕೈಯನ್ನು ಒಪ್ಪಿಸುವವನೇ ಆ ಕಾರಿಗೆ ನಿಜವಾಗಿ ಒಡೆಯನಾಗಿದ್ದವನು.