ಪಟಕ್ಕೆ ಹಾಕಿದ ಹಾರ

ಕುಡುಮಲಕುಂಟೆಯ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಗೋಡೆಯ ಉದ್ದಕ್ಕೂ ಪಟಗಳ ಒಂದು ಸಾಲು ಇತ್ತು. ಮೊದಲು ತಿರುಪತಿ ತಿಮ್ಮಪ್ಪ, ಅವನ ಪಕ್ಕ ಲಕ್ಷ್ಮಿ, ಆಮೇಲೆ ಗಾಂಧೀಜಿ, ಆಮೇಲೆ ನಾನು ಹುಟ್ಟುವುದಕ್ಕೆ ಮೊದಲೇ ತೀರಿಕೊಂಡಿದ್ದ ನಮ್ಮ ತಾತ. ಸಾಲಿನ ಕೊನೆಯಲ್ಲಿ ಚಿಕ್ಕಪ್ಪ ಹಿಂದೂಪುರದಿಂದ ತಂದು ಮೊಳೆ ಹೊಡೆದು ನೇತುಹಾಕಿದ್ದ ಕೃಷ್ಣನ ಕ್ಯಾಲೆಂಡರು. ಆ ಕೃಷ್ಣ ಎನ್.ಟಿ. ರಾಮರಾವ್. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಎಡದಿಂದ ಬಲಕ್ಕೆ ಒಂದೊಂದೇ ಪಟಕ್ಕೆ ಕೈಮುಗಿಯುತ್ತಾ ಬಂದು, ಕೊನೆಯ ಕ್ಯಾಲೆಂಡರಿಗೂ ಅಷ್ಟೇ ಭಕ್ತಿಯಿಂದ ಕೈಮುಗಿಯುತ್ತಿದ್ದಳು. ಮಿಡ್ಲ್‌ಸ್ಕೂಲು ಓದುತ್ತಿದ್ದ ನನಗೆ ಆಗ ಬುದ್ಧಿ ಜಾಸ್ತಿ. ಒಂದು ದಿನ ಹೇಳಿಯೇಬಿಟ್ಟೆ: "ಅಜ್ಜೀ, ಅದು ಕೃಷ್ಣ ಅಲ್ಲ, ಸಿನಿಮಾದೋನು."

ಅಜ್ಜಿ ತಿರುಗಿಯೂ ನೋಡಲಿಲ್ಲ. "ಗೊತ್ತು ಕಣೋ. ಬಣ್ಣ ಅವನದು, ಕೃಷ್ಣ ನಂದು. ನಿಂಗ್ಯಾಕೆ?" ಎಂದಳು.

ಅಂದು ಅದು ಓದು ಬಾರದ ಮುದುಕಿಯ ಮಾತಾಗಿ ಕಂಡಿತ್ತು. ಈಗ ಅರವತ್ತೈದು ದಾಟಿದ ಮೇಲೆ, ನಮ್ಮ ಮನೆಯಲ್ಲಿ ಈ ವಿಷಯ ಸರಿಯಾಗಿ ತಿಳಿದಿದ್ದವಳು ಅವಳೊಬ್ಬಳೇ ಎನ್ನಿಸುತ್ತದೆ. ಪಾತ್ರ ಯಾವುದು, ಪಾತ್ರಧಾರಿ ಯಾರು ಎಂಬ ಭೇದ ಅವಳಿಗೆ ಇತ್ತು. ಚಿಕ್ಕಪ್ಪನಿಗೆ ಇರಲಿಲ್ಲ. ನನಗೂ ಇರಲಿಲ್ಲ ಎಂಬುದು ತಿಳಿಯಲು ಬಹಳ ವರ್ಷ ಬೇಕಾಯಿತು.

ನಮ್ಮದು ಗಡಿಯ ಸೀಮೆ. ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ಗೌರಿಬಿದನೂರಿನ ಹುಡುಗರಿಗೆ ಹಿಂದೂಪುರದ ಸಿನಿಮಾ ಸೈಕಲ್ ತುಳಿದು ಹೋಗಿ ಬರುವ ದೂರ. ರಾಮರಾಯರು 1982ರ ಮಾರ್ಚಿಯಲ್ಲಿ ತೆಲುಗು ದೇಶಂ ಪಕ್ಷ ಕಟ್ಟಿ, ಚೈತನ್ಯ ರಥವೆಂದು ಹೆಸರಿಟ್ಟ ವ್ಯಾನಿನ ಮೇಲೆ ಊರೂರು ಸುತ್ತಿ, 1983ರ ಜನವರಿಗೆಲ್ಲಾ ಮುಖ್ಯಮಂತ್ರಿಯಾದರು. 1985ರಲ್ಲಿ ಅವರು ನಮ್ಮ ಪಕ್ಕದ ಹಿಂದೂಪುರದಿಂದಲೇ ಚುನಾವಣೆಗೆ ನಿಂತಾಗ ಚಿಕ್ಕಪ್ಪನನ್ನು ಹಿಡಿಯುವವರಿರಲಿಲ್ಲ. ಅವನ ಓಟು ಇದ್ದದ್ದು ಕರ್ನಾಟಕದಲ್ಲಿ. ಅದರ ಪರಿವೆಯೇ ಇಲ್ಲದೆ ಹಳದಿ ಬಾವುಟ ಸೈಕಲ್ಲಿಗೆ ಕಟ್ಟಿಕೊಂಡು ಗಡಿ ದಾಟಿ ಹೋಗಿ ಪ್ರಚಾರ ಮಾಡಿ ಬಂದ. 1989ರಲ್ಲೂ ಹೋದ, 1994ರಲ್ಲೂ ಹೋದ. ಮೂರು ಸಲವೂ ರಾಮರಾಯರು ಅಲ್ಲಿ ಗೆದ್ದರು.

ಕುರುಡು ಅಭಿಮಾನ ಎಂದು ಚಿಕ್ಕಪ್ಪನನ್ನು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಎರಡು ರೂಪಾಯಿಗೆ ಕಿಲೋ ಅಕ್ಕಿ ಬಡವನ ಮನೆಯಲ್ಲಿ ಏನು ಮಾಡುತ್ತದೆಂದು ಅವನು ಗಡಿಯಾಚೆಯ ನೆಂಟರ ಮನೆಯಲ್ಲಿ ಕಣ್ಣಾರೆ ಕಂಡಿದ್ದ. ದೊಡ್ಡವರ ಮುಂದೆ ಹೆಗಲ ಮೇಲಿನ ಟವಲು ಕಂಕುಳಿಗೆ ಇಳಿಸುತ್ತಿದ್ದ ಮನುಷ್ಯ, ಆ ಚುನಾವಣೆಗಳ ಕಾಲದಲ್ಲಿ ಟವಲು ಇಳಿಸದೆ ಮಾತಾಡುವುದನ್ನು ಕಲಿತ. ಇದು ಸಣ್ಣ ಲಾಭವಲ್ಲ.

ಆದರೆ ಇನ್ನೊಂದು ಸಂಗತಿಯೂ ಇದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಪಾಲು ಕೊಡುವ ಕಾಯ್ದೆಯನ್ನು ಆಂಧ್ರದಲ್ಲಿ 1986ರಲ್ಲಿ ತಂದದ್ದು ರಾಮರಾಯರ ಸರ್ಕಾರ. ಚಿಕ್ಕಪ್ಪ ಅದನ್ನು ಅರಳಿಕಟ್ಟೆಯಲ್ಲಿ ಕೂತು ಹಾಡಿ ಹೊಗಳುತ್ತಿದ್ದ. ಅದನ್ನು ಕೇಳಿಸಿಕೊಂಡ ನಮ್ಮ ಸೋದರತ್ತೆ ಒಂದು ಹಬ್ಬಕ್ಕೆ ಬಂದಾಗ, "ಹಂಗಾದ್ರೆ ನಂಗೂ ಎರಡು ಗುಂಟೆ ಬರ್ಕೊಡಪ್ಪ" ಎಂದಳು. ಚಿಕ್ಕಪ್ಪ ತಕ್ಷಣ, "ಆ ಕಾಯ್ದೆ ಅಲ್ಲೀದು ಕಣಕ್ಕಾ, ಗಡಿಯಿಂದ ಈಚೆಗೆ ನಡೆಯಲ್ಲ" ಎಂದ. ಓಟಿಲ್ಲದೆಯೂ ದಾಟಿ ಹೋಗುತ್ತಿದ್ದ ಗಡಿ ಅವತ್ತು ಇದ್ದಕ್ಕಿದ್ದಂತೆ ಕೋಟೆಗೋಡೆಯಾಗಿ ಎದ್ದು ನಿಂತಿತು. ಅತ್ತೆ ಊಟ ಮಾಡದೆ ಹೊರಟುಹೋದಳು. ಪೂಜಿಸುವುದು ಅನುಸರಿಸುವುದಕ್ಕಿಂತ ಸಲೀಸು. ಪಟಕ್ಕೆ ಹಾರ ಹಾಕಿದರೆ ಅರ್ಧ ಋಣ ತೀರಿತೆಂಬ ಸಮಾಧಾನ ಸಿಗುತ್ತದೆ; ಹೊಲದ ಪತ್ರಕ್ಕೆ ಕೈ ಹಾಕಬೇಕಾಗಿಲ್ಲ.

1995ರ ಆಗಸ್ಟಿನಲ್ಲಿ ರಾಮರಾಯರ ಶಾಸಕರೇ ಅವರನ್ನು ಬಿಟ್ಟು ಅಳಿಯ ಚಂದ್ರಬಾಬು ನಾಯ್ಡು ಅವರ ಕಡೆ ಹೋದರು. ಸೆಪ್ಟೆಂಬರ್ 1ರಂದು ನಾಯ್ಡು ಮುಖ್ಯಮಂತ್ರಿಯಾದರು. 1996ರ ಜನವರಿ 18ರಂದು ರಾಮರಾಯರು ತೀರಿಕೊಂಡರು. ಚಿಕ್ಕಪ್ಪ ಎರಡು ದಿನ ಅನ್ನ ಮುಟ್ಟಲಿಲ್ಲ. "ಬೆಳೆಸಿದೋರೇ ಹಿಂಗ್ ಮಾಡ್ಬಿಟ್ರಲ್ಲ" ಎನ್ನುವುದೊಂದೇ ಮಾತು. ನಾನು ಒಳಗೊಳಗೇ ನಕ್ಕೆ. ಆಗ ನಾನು ಮೇಷ್ಟರಾಗಿದ್ದೆ, ನಾಲ್ಕು ಪುಸ್ತಕ ಓದಿದ್ದೆ.

ಆ ನಾಲ್ಕು ಪುಸ್ತಕದಿಂದ ಕಲಿತದ್ದರಲ್ಲಿ ಎರಡು ಮಾತು ಇಲ್ಲಿ ಬೇಕಾಗುತ್ತವೆ. ನಮ್ಮ 'ವ್ಯಕ್ತಿ' ಎಂಬ ಪದಕ್ಕೆ ವ್ಯಕ್ತವಾದದ್ದು, ಹೊರಗೆ ಕಾಣಿಸಿಕೊಂಡದ್ದು ಎಂದು ಅರ್ಥ. ಇಂಗ್ಲಿಷಿನ ಪರ್ಸನಾಲಿಟಿಯ ಬೇರು ಲ್ಯಾಟಿನ್ನಿನ ಪರ್ಸೋನಾ. ಅದು ನಾಟಕದವರು ಹಾಕಿಕೊಳ್ಳುತ್ತಿದ್ದ ಮುಖವಾಡ. ಒಂದು ಭಾಷೆ ಕಾಣಿಸಿದ್ದೇ ಮನುಷ್ಯ ಎನ್ನುತ್ತದೆ, ಇನ್ನೊಂದು ಕಾಣಿಸಿದ್ದು ಮುಖವಾಡ ಎನ್ನುತ್ತದೆ. ಎರಡೂ ನಿಜವೇ. ಎರಡನೆಯ ಮಾತು: 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ನಿಘಂಟೊಂದನ್ನು ಜಾಲಾಡಿ, ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಹೇಳುವ ಸುಮಾರು 18,000 ಪದಗಳನ್ನು ಪಟ್ಟಿ ಮಾಡಿದರು. ಮುಂದಿನವರು ಅದನ್ನು ಸೋಸಿ ಸೋಸಿ ಐದು ಮುಖ್ಯ ಗುಣಗಳಿಗೆ ತಂದು ನಿಲ್ಲಿಸಿದರು. ಭಕ್ತ ಅವರಿಗಿಂತ ದೊಡ್ಡ ಶಾಸ್ತ್ರಜ್ಞ. ಅವನು ಹದಿನೆಂಟು ಸಾವಿರವನ್ನೂ ಸೋಸಿ ಒಂದೇ ಪದಕ್ಕೆ ತರುತ್ತಾನೆ: ದೇವರು.

ನಮ್ಮ ಚಿಕ್ಕಪ್ಪನನ್ನೇ ಒಂದು ಪದದಲ್ಲಿ ಹೇಳಲಾಗದು. ಎಂದೂ ಎತ್ತಿಗೆ ಬಾರುಕೋಲು ಬೀಸಿದವನಲ್ಲ. ಹುಣಿಸೆ ಮರವೊಂದರ ಸಲುವಾಗಿ ಪಕ್ಕದ ಹೊಲದವನೊಡನೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ. ಬಂದವರಿಗೆ ಊಟ ಹಾಕದೆ ಕಳಿಸಿದ್ದಿಲ್ಲ. ಅಕ್ಕನಿಗೆ ಎರಡು ಗುಂಟೆ ಕೊಡಲಿಲ್ಲ. ಹತ್ತಿರದ ಮನುಷ್ಯನಲ್ಲಿ ಇದೆಲ್ಲ ಒಟ್ಟಿಗೇ ಇರುವುದನ್ನು ನಾವು ಒಪ್ಪಿಕೊಳ್ಳುತ್ತೇವೆ. ದೂರದ, ಎತ್ತರದ ಮನುಷ್ಯನಲ್ಲಿ ಏಕೆ ಒಪ್ಪುವುದಿಲ್ಲ?

ಈಗ ನನ್ನ ದೇವರ ವಿಷಯ ಹೇಳಬೇಕು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಮಳೆ ಹೋಗಿತ್ತು. ಕಾಲೇಜಿಗೆ ಸೇರಿಸಲು ಅಪ್ಪನ ಕೈಯಲ್ಲಿ ಕಾಸಿರಲಿಲ್ಲ. ನಮ್ಮ ಕಡೆಯ ಮುಖಂಡರೊಬ್ಬರು ಕರೆಸಿ, ಹೆಚ್ಚು ಮಾತಿಲ್ಲದೆ ಫೀಸು ಕಟ್ಟಿಸಿದರು. ನನ್ನಂಥವರು ಇನ್ನೂ ಅನೇಕರಿದ್ದರು. ಅವರು ಕಟ್ಟಿಸಿದ ಆ ಫೀಸಿನ ಮೇಲೆಯೇ ನನ್ನ ಸಂಬಳ, ನನ್ನ ಮದುವೆ, ನನ್ನ ಮಕ್ಕಳ ಓದು ಎಲ್ಲವೂ ನಿಂತಿದೆ. ಅವರ ಪಟ ನನ್ನ ಮನೆಯಲ್ಲಿತ್ತು, ಗಂಧದ ಹಾರದ ಸಮೇತ. ಚಿಕ್ಕಪ್ಪನ ಕ್ಯಾಲೆಂಡರು ಮೌಢ್ಯ, ನನ್ನ ಪಟ ಕೃತಜ್ಞತೆ ಎಂದು ನಾನು ತಿಳಿದಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಬಾಲ್ಯದ ಗೆಳೆಯನೊಬ್ಬ ಮನೆಗೆ ಬಂದ. ಅವನದು ಕೆರೆಯ ಕೆಳಗೆ ಒಂದೂವರೆ ಎಕರೆ. ಮುಖಂಡರ ಕಡೆಯವರು ಕಾಲುವೆಯನ್ನು ಮುಚ್ಚಿ ತೋಟಕ್ಕೆ ಸೇರಿಸಿಕೊಂಡಿದ್ದರು. ಅವನ ಹೊಲಕ್ಕೆ ಇಳಿಯುತ್ತಿದ್ದ ನೀರು ನಿಂತುಹೋಗಿತ್ತು. ಅರ್ಜಿ ಬರೆದು ತಂದಿದ್ದ. ಮೇಷ್ಟರ ಸಹಿ ಇದ್ದರೆ ತೂಕ ಬರುತ್ತದೆಂದು ಅವನ ಆಸೆ. ನಾನು ಅರ್ಜಿಯನ್ನು ಎರಡು ಸಲ ಓದಿದೆ, ಅದರಲ್ಲಿದ್ದ ಎರಡು ಕಾಗುಣಿತ ತಪ್ಪನ್ನು ತಿದ್ದಿದೆ, ಸಹಿ ಮಾಡಲಿಲ್ಲ. "ಅವರಿಗೆ ಗೊತ್ತಿಲ್ಲದೆ ಆಗಿರ್ಬೇಕು ಕಣೋ. ಅವರು ಅಂಥೋರಲ್ಲ" ಎಂದೆ.

ಅವನು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಪಟವನ್ನೇ ನೋಡುತ್ತಿದ್ದು ಹೇಳಿದ: "ಅವರು ನಿಂಗೆ ಫೀಸು ಕಟ್ಟಿದ್ದು ದಿಟ. ನನ್ನ ಹೊಲಕ್ಕೆ ನೀರು ಬರ್ತಿಲ್ಲ ಅನ್ನೋದೂ ದಿಟ. ಎರಡೂ ಯಾಕ್ ದಿಟ ಆಗಬಾರದು, ಹೇಳು?"

ನನ್ನಲ್ಲಿ ಉತ್ತರವಿರಲಿಲ್ಲ. ಅದೇ ತಿಂಗಳು ಆ ಮುಖಂಡರ ಅಭಿನಂದನ ಗ್ರಂಥಕ್ಕೆ ಒಂದು ಲೇಖನ ಬರೆದುಕೊಟ್ಟೆ. ಅದರಲ್ಲಿ 'ರೈತಬಂಧು' ಎಂಬ ಪದ ಮೂರು ಸಲ ಬಂದಿದೆ. ಗೆಳೆಯ ಎರಡು ವರ್ಷ ನೋಡಿ ಹೊಲ ಮಾರಿ ಬೆಂಗಳೂರಿಗೆ ಹೋದ. ಅಲ್ಲಿ ಕಾವಲುಗಾರನಾಗಿದ್ದನಂತೆ. ಅವನು ಸತ್ತ ಸುದ್ದಿ ನನಗೆ ಮುಟ್ಟಿದ್ದು ತಿಥಿಯೆಲ್ಲ ಮುಗಿದ ಮೇಲೆ.

ಕೃತಜ್ಞತೆ ಎಲ್ಲಿ ಮುಗಿದು ವ್ಯಕ್ತಿಪೂಜೆ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ನನಗೆ ಬಂದದ್ದು ಹೀಗೆ. ಇದಕ್ಕೆ ನನಗಿಂತ ಚೆನ್ನಾಗಿ ಉತ್ತರ ಹೇಳಿದವರು ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅವರು, ಧರ್ಮದಲ್ಲಿ ಭಕ್ತಿ ಆತ್ಮದ ಬಿಡುಗಡೆಗೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂಬ ಅರ್ಥದ ಎಚ್ಚರಿಕೆ ಕೊಟ್ಟರು. ದೇಶಕ್ಕಾಗಿ ಬಾಳು ಸವೆಸಿದವರಿಗೆ ಕೃತಜ್ಞರಾಗಿರುವುದು ತಪ್ಪಲ್ಲ, ಆದರೆ ಕೃತಜ್ಞತೆಗೂ ಮಿತಿಯುಂಟು ಎಂದು ಐರ್ಲೆಂಡಿನ ನಾಯಕ ಡೇನಿಯಲ್ ಓಕಾನೆಲ್ ಅವರನ್ನು ನೆನೆದರು. ಮಾನವನ್ನೋ ಸ್ವಾತಂತ್ರ್ಯವನ್ನೋ ತೆತ್ತು ತೀರಿಸಬೇಕಾದ ಋಣ ಋಣವೇ ಅಲ್ಲ ಎಂಬುದು ಆ ಮಾತಿನ ತಿರುಳು. ಇದಕ್ಕೆ ಒಂದನ್ನು ಸೇರಿಸುವ ಧೈರ್ಯ ಮಾಡುತ್ತೇನೆ. ನಾನು ತೆತ್ತದ್ದು ನನ್ನ ಮಾನವನ್ನಷ್ಟೇ ಅಲ್ಲ, ಗೆಳೆಯನ ನೀರನ್ನು. ನನ್ನ ಋಣವನ್ನು ಇನ್ನೊಬ್ಬನ ಹೊಲದಿಂದ ತೀರಿಸಿದೆ.

ಪೂಜೆಗೆ ಒಳಗಾದವರೇ ಇದಕ್ಕೆ ಹೆದರಿದ ಉದಾಹರಣೆಯೂ ಇದೆ. 1937ರಲ್ಲಿ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ 'ಚಾಣಕ್ಯ' ಎಂಬ ಹೆಸರಿನಲ್ಲಿ ಒಂದು ಲೇಖನ ಬಂತು. ಜವಾಹರಲಾಲರಿಗೆ ಜನಪ್ರಿಯತೆ ತಲೆಗೇರಬಹುದು, ಅವರಲ್ಲಿ ಸರ್ವಾಧಿಕಾರಿಯ ಲಕ್ಷಣಗಳಿವೆ, ಹೆಚ್ಚು ಹೊಗಳಿ ಕೆಡಿಸಬೇಡಿ ಎಂಬುದು ಅದರ ಸಾರ. ಬರೆದವರು ಜವಾಹರಲಾಲರೇ. ಎಲ್ಲ ನಾಯಕರಿಗೂ ಈ ಭಯ ಬರುವುದಿಲ್ಲ. ಬಾರದಿದ್ದಾಗ ಆ ಭಯವನ್ನು ಹಿಂಬಾಲಕರೇ ಇಟ್ಟುಕೊಳ್ಳಬೇಕು. ವರ್ಚಸ್ಸಿನ ಬಗ್ಗೆ ಬರೆದ ಜರ್ಮನಿಯ ಮ್ಯಾಕ್ಸ್ ವೇಬರ್, ಅದು ನಿಲ್ಲುವುದು ಹಿಂಬಾಲಕರ ಮನ್ನಣೆಯ ಮೇಲೆ ಎಂದ. ಹಾಗಿದ್ದ ಮೇಲೆ ತಪ್ಪಿನಲ್ಲೂ ನಮಗೆ ಪಾಲುಂಟು.

ನಮ್ಮ ತಾಲ್ಲೂಕು ಈ ವಿಷಯದಲ್ಲಿ ಬಡವಾದದ್ದೇನಲ್ಲ. ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪರೀಕ್ಷೆಗೆ ಒಡ್ಡಿಕೊಳ್ಳುವಂತೆ ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ಎಷ್ಟೇ ದೊಡ್ಡವರಾದರೂ ಪ್ರಶ್ನಿಸಬಹುದು ಎಂದು ಜೀವನವಿಡೀ ಹೇಳಿದ ಅವರು 2005ರಲ್ಲಿ ತೀರಿಕೊಂಡರು. ಈಗ ಅವರ ಪಟಕ್ಕೂ ಹಾರ ಹಾಕಿ, "ಎಚ್ಚೆನ್ ಹೇಳಿದ ಮೇಲೆ ಮುಗೀತು" ಎಂದು ವಾದ ಮುಗಿಸುವ ನಮ್ಮಂಥವರಿದ್ದೇವೆ. ಅವರು ಇದ್ದಿದ್ದರೆ ವಾದ ಅಲ್ಲಿಂದಲೇ ಶುರುವಾಗುತ್ತಿತ್ತು.

ವಿದುರಾಶ್ವತ್ಥಕ್ಕೆ ಹೋದಾಗಲೆಲ್ಲ ಇನ್ನೊಂದು ಯೋಚನೆ ಬರುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜದ ಸಲುವಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕಕ್ಕೆ ಒಂದು, ಜನರ ಲೆಕ್ಕಕ್ಕೆ ಇನ್ನೊಂದು. ಸ್ಮಾರಕವೇನೋ ಇದೆ. ಆದರೆ ಅವರಲ್ಲಿ ಯಾರ ಮುಖವೂ ನಮ್ಮ ಕ್ಯಾಲೆಂಡರುಗಳಿಗೆ ಬರಲಿಲ್ಲ. ಅವರಿಗೆ ವ್ಯಕ್ತಿತ್ವ ಇರಲಿಲ್ಲವೆ? ಎತ್ತಿಗೆ ಹೊಡೆಯದವನು, ಹುಣಿಸೆ ಮರಕ್ಕೆ ಜಗಳವಾಡಿದವನು, ಅಕ್ಕನಿಗೆ ಪಾಲು ಕೊಡದವನು ಅವರಲ್ಲೂ ಇದ್ದಿರಬೇಕು. ಒಂದು ಒಳ್ಳೆಯ ಕೆಲಸಕ್ಕೆ ದೇವರಂಥ ಮನುಷ್ಯನೇ ಬೇಕಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ನಾಯಕರನ್ನು ಪ್ರೀತಿಸಲೇಬಾರದೆ ಎಂದು ಓದುಗರು ಕೇಳಬಹುದು. ಪ್ರೀತಿಸಬೇಕು. ಪ್ರೀತಿಯಿಲ್ಲದೆ ಒಂದು ಊರಿನ ಕೆರೆಯ ಹೂಳೂ ಎತ್ತಿಸಲಾಗದು. ಆದರೆ ನಾವು ನಮ್ಮ ತಂದೆಯನ್ನು ಪ್ರೀತಿಸುವುದು ಅವರ ಮುಂಗೋಪ ಗೊತ್ತಿದ್ದೂ ತಾನೆ? ಕುಂದು ಕಂಡ ಮೇಲೆಯೂ ಉಳಿಯುವುದು ಪ್ರೀತಿ. ಕುಂದು ಕಾಣದಂತೆ ಕಣ್ಣು ಮುಚ್ಚಿಸುವುದು ಬೇರೆ. ನಾನು ಆ ದಿನ ಸಹಿ ಹಾಕಿ, ಮಾರನೆಯ ದಿನ ಮುಖಂಡರ ಮನೆಗೆ ಹೋಗಿ, "ನೀವು ಓದಿಸಿದ ಹುಡುಗ ನಾನೇ ಸಹಿ ಹಾಕಿದ್ದೀನಿ ಸ್ವಾಮಿ" ಎನ್ನಬಹುದಿತ್ತು. ಅವರು ಬೈಯುತ್ತಿದ್ದರೋ, ಕಾಲುವೆ ಬಿಡಿಸುತ್ತಿದ್ದರೋ ಯಾರಿಗೆ ಗೊತ್ತು? ಒಳ್ಳೆಯವರಾಗಿರಲು ಅವರಿಗಿದ್ದ ಒಂದು ಅವಕಾಶವನ್ನೂ ನಾನೇ ತಪ್ಪಿಸಿದೆ. ದೇವರೆಂದು ಕೂರಿಸಿದವನಿಗೆ ತಪ್ಪು ತಿದ್ದಿಕೊಳ್ಳುವ ದಾರಿಯನ್ನೇ ಮುಚ್ಚುತ್ತೇವೆ.

ಅವರು ತೀರಿಕೊಂಡು ಬಹಳ ಕಾಲವಾಯಿತು. ಕಳೆದ ವರ್ಷ ಮನೆಗೆ ಸುಣ್ಣ ಹೊಡೆಸುವಾಗ ಪಟಗಳನ್ನೆಲ್ಲ ಇಳಿಸಿದೆವು. ಮತ್ತೆ ಹಾಕುವಾಗ ಮಗಳು, "ಇದನ್ನೂ ಹಾಕೋದಾ ಅಪ್ಪ?" ಎಂದು ಅವರ ಪಟ ಎತ್ತಿ ಹಿಡಿದಳು. ಹಾಕು ಎಂದೆ. ಧೂಳು ಹಿಡಿದ ಗಂಧದ ಹಾರವನ್ನು ಮಾತ್ರ ತೆಗೆದಿಟ್ಟೆ. ಹಾರ ಹೋದ ಮೇಲೆ ನೋಡಿದರೆ, ಇಷ್ಟು ವರ್ಷ ಅದರ ಮರೆಯಲ್ಲಿದ್ದ ಅವರ ಗಲ್ಲದ ಮೇಲೆ ಒಂದು ಸಣ್ಣ ಗಾಯದ ಗುರುತು ಇತ್ತು. ಅದು ಹೇಗಾಯಿತೆಂದು ಅವರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.