ಪತ್ರಿಕೆಯ ಹಣ

ಮದ್ಯದ ಗುತ್ತಿಗೆಯಿಂದ ಬಂದ ಹಣದಲ್ಲಿ ಹುಟ್ಟಿದ ವೃತ್ತಪತ್ರಿಕೆಯ ಮಾತು ಶುದ್ಧವಾಗಿರಬಲ್ಲುದೇ? ಇದು ಬರಿಯ ತರ್ಕಕ್ಕಾಗಿ ಕಲ್ಪಿಸಿದ ಪ್ರಶ್ನೆಯಲ್ಲ. ಅಬಕಾರಿ ಗುತ್ತಿಗೆಯಲ್ಲಿ ಐಶ್ವರ್ಯವಂತರಾದ ಕೆ. ಎನ್. ಗುರುಸ್ವಾಮಿಯವರು 1948ನೆಯ ಇಸವಿಯಲ್ಲಿ ಬೆಂಗಳೂರಿನಿಂದ, ಜೂನ್ 17ರಂದು 'ಡೆಕ್ಕನ್ ಹೆರಾಲ್ಡ್' ಎಂಬ ಇಂಗ್ಲಿಷ್ ಪತ್ರಿಕೆಯನ್ನೂ ಅಕ್ಟೋಬರ್ 15ರಂದು 'ಪ್ರಜಾವಾಣಿ'ಯನ್ನೂ ಹೊರಡಿಸಿದರು. 1965ರಲ್ಲಿ 'ಸುಧಾ', 1968ರಲ್ಲಿ 'ಮಯೂರ' ಅದೇ ಮನೆಯಿಂದ ಬಂದುವು. ಅರಸೀಕೆರೆಯಂತಹ ಊರುಗಳಲ್ಲಿ ಇವುಗಳನ್ನು ಓದಿ ಬೆಳೆದ ಮನೆಗಳು ಎಷ್ಟೋ.

ನಾರದಸ್ಮೃತಿಯು ಧನವನ್ನು ಶುಕ್ಲ, ಶಬಲ, ಕೃಷ್ಣ ಎಂದು ಮೂರು ಬಗೆಯಾಗಿ ವಿಭಾಗಿಸಿ, ಎಂತಹ ಧನದಿಂದ ಮಾಡಿದ ಕಾರ್ಯವೋ ಅಂತಹುದೇ ಫಲವೆಂದು ವಿಧಿಸುತ್ತದೆ. ಪಾಠಶಾಲೆಯಲ್ಲಿ ಓದಿದವರಿಗೆ ಉತ್ತರವು ಇಲ್ಲಿಯೇ ದೊರೆತಂತೆ ತೋರಬಹುದು. ಆದರೆ ಆ ಗುತ್ತಿಗೆಯನ್ನು ಕೊಟ್ಟುದು ಸರ್ಕಾರ. ಅದರ ಆದಾಯ ಸೇರಿದುದು ಬೊಕ್ಕಸಕ್ಕೆ. ಉಪಾಧ್ಯಾಯನಾಗಿ ನಾನು ಪಡೆದ ಸಂಬಳವೂ, ಈಗಿನ ಪಿಂಚಣಿಯೂ ಆ ಬೊಕ್ಕಸದವೇ. ಕೃಷ್ಣವೆಲ್ಲಿ ಮುಗಿದು ಶಬಲವೆಲ್ಲಿ ಮೊದಲಾಯಿತೆಂದು ಗೆರೆಯೆಳೆಯುವ ಧೈರ್ಯ ನನಗಂತೂ ಇಲ್ಲ.

ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯನ್ನು 1121ರ ಸುಮಾರಿನಲ್ಲಿ ಕಟ್ಟಿಸಿದವನು ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲ. ಅವನ ಹಣ ಯಾವ ಬಗೆಯದೆಂದು ಇಂದು ಯಾರೂ ವಿಚಾರಿಸುವುದಿಲ್ಲ. ಕಾಲ ಕಳೆಯಿತೆಂಬುದಷ್ಟೇ ಇದಕ್ಕೆ ಕಾರಣವಲ್ಲ. ಪ್ರತಿಷ್ಠೆಯಾದೊಡನೆ ದಾತನು 'ಇದು ನನ್ನದಲ್ಲ' ಎಂದು ಕೈಬಿಟ್ಟು, ಎಲ್ಲರಂತೆ ಗರ್ಭಗೃಹದ ಹೊರಗೆ ಕೈಮುಗಿದು ನಿಲ್ಲುತ್ತಾನೆ. ಪತ್ರಿಕೆಯ ಒಡೆಯನಿಗೆ ಆ ಸೌಕರ್ಯವಿಲ್ಲ. ಪತ್ರಿಕೆ ದಿನವೂ ಹುಟ್ಟುತ್ತದೆ, ಅದರ ನಷ್ಟವೂ ದಿನವೂ ಅವನದೇ. ಆದುದರಿಂದ ಅವನು ದಿನದಿನವೂ ಹೊಸದಾಗಿ ಕೈಬಿಡಬೇಕು. ತನ್ನ ಮಿತ್ರನನ್ನು ಹಳಿಯುವ ಬರಹವು ಅಚ್ಚಿಗೆ ಹೋಗುವುದನ್ನು ಕಂಡೂ ಸುಮ್ಮನಿರಬೇಕು. ಇದು ಗುಡಿ ಕಟ್ಟಿಸುವುದಕ್ಕಿಂತ ಕಠಿನವಾದ ವ್ರತ.

ಗುರುಸ್ವಾಮಿಯವರು ಸಂಪಾದಕಪೀಠದಲ್ಲಿ ತಾವು ಕುಳಿತುಕೊಳ್ಳಲಿಲ್ಲ. ಇಂಗ್ಲಿಷ್ ಪತ್ರಿಕೆಗೆ ಪೋತನ್ ಜೋಸೆಫರನ್ನೂ ಕನ್ನಡದ್ದಕ್ಕೆ ನಾಟಕಕಾರರಾದ ಬಿ. ಪುಟ್ಟಸ್ವಾಮಯ್ಯನವರನ್ನೂ ಕೂರಿಸಿದರು. ನನ್ನ ದೃಷ್ಟಿಯಲ್ಲಿ ಧನದ ಮೂಲಕ್ಕಿಂತ ಈ ಆಯ್ಕೆಯೇ ಹೆಚ್ಚು ಪರೀಕ್ಷೆಗೆ ಯೋಗ್ಯವಾದುದು. ನಾರದನ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಹಣ ಬಂದ ದಾರಿಯಂತೆ ಅದನ್ನು ಬಿಟ್ಟುಕೊಡುವ ರೀತಿಯೂ ಅದರ ಬಣ್ಣವನ್ನು ನಿರ್ಣಯಿಸುತ್ತದೆಂದಷ್ಟೇ ನನ್ನ ಅಭಿಪ್ರಾಯ.

ಇನ್ನು ವಾಚಕನ ವಿಷಯ. ಅವನು ತೆರುವ ಬೆಲೆಯಿಂದ ಪತ್ರಿಕೆಯ ವೆಚ್ಚವೆಲ್ಲ ಹುಟ್ಟುವುದಿಲ್ಲ. ಉಳಿದುದನ್ನು ತುಂಬುವವನು ಜಾಹೀರಾತು ಕೊಡುವ ವರ್ತಕ. ಒಡೆಯನ ಹಣದ ಜಾತಕವನ್ನು ಕೇಳುವ ನಾವು, ಪೂರ್ಣ ಬೆಲೆಯನ್ನು ತೆತ್ತು ಪತ್ರಿಕೆಯನ್ನು ಕೊಳ್ಳಲು ಸಿದ್ಧರಿದ್ದೇವೆಯೇ?