ಖಾತೆ ಮುಚ್ಚುವ ಮುನ್ನ

ಬಹಳ ವರ್ಷ ಬಳಸಿದ ಒಂದು ಕಂಪನಿಯ ಸಾಮಾನು ಬಿಟ್ಟು ಇನ್ನೊಂದು ಕಂಪನಿಯದನ್ನು ಕೊಳ್ಳುವುದರಲ್ಲಿ ನ್ಯಾಯ-ಅನ್ಯಾಯದ ಪ್ರಶ್ನೆ ಏನಿದೆ? ದುಡ್ಡು ನಮ್ಮದು, ಅಂಗಡಿ ತೆರೆದಿದೆ, ಬೇಕಾದ್ದು ತಂದರಾಯಿತು ಎಂದು ಯಾರಾದರೂ ಹೇಳಿಯಾರು. ಸೋಪು, ಟೂತ್‌ಪೇಸ್ಟಿನ ಮಟ್ಟಿಗೆ ಈ ಮಾತು ನನಗೂ ಒಪ್ಪಿಗೆ. ಆದರೆ ಕೆಲವು ತಿಂಗಳಿಂದ ನಾನು ಲ್ಯಾಪ್‌ಟಾಪು ಬದಲಿಸುವ ವಿಚಾರದಲ್ಲಿದ್ದೇನೆ. ಯೋಚಿಸುತ್ತ ಹೋದಂತೆ ಇದು ಬೆಲೆ, ತೂಕ, ಬ್ಯಾಟರಿಗಳ ಲೆಕ್ಕದಲ್ಲಿ ಮುಗಿಯುವ ವ್ಯವಹಾರವಲ್ಲ ಎನಿಸಿದೆ. ನಾವು ನಿಜವಾಗಿ ಯಾವುದಕ್ಕೆ ನಿಷ್ಠರು, ಬಿಟ್ಟು ಹೋಗುವಾಗ ಯಾರಿಗೆ ಏನು ಬಾಕಿ ಎಂಬ ಎರಡು ಪ್ರಶ್ನೆಗಳು ಅದರೊಳಗೆ ಕೂತಿವೆ.

ನನ್ನ ತಿರುಗಾಟದ ವಿಷಯ ಮೊದಲು ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದವನು ನಾನು. ವರ್ಗಾವಣೆಯ ಮೇಲೆ ವರ್ಗಾವಣೆಯಾಗಿ ಕೊನೆಗೆ ಪುಣೆಯಲ್ಲಿ ನಿಂತೆ. ನಿವೃತ್ತಿಯಾದರೂ ಚೀಲ ಹೆಗಲಿಂದ ಇಳಿದಿಲ್ಲ. ಬ್ಯಾಂಕುಗಳು ಶಾಖೆಗಳ ಕಾನ್‌ಕರೆಂಟ್ ಆಡಿಟ್ಟಿಗೆ ನಮ್ಮಂಥ ನಿವೃತ್ತ ಅಧಿಕಾರಿಗಳನ್ನು ಕರೆಯುತ್ತವೆ. ಹೀಗಾಗಿ ತಿಂಗಳಲ್ಲಿ ಹತ್ತು ಹದಿನೈದು ದಿನ ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರ, ನಡುವೆ ಧಾರವಾಡ, ವರ್ಷಕ್ಕೆರಡು ಸಲ ಮಗಳ ಮನೆಗೆ ಹೈದರಾಬಾದು. ಬ್ಯಾಂಕಿನ ಲೆಕ್ಕ ಬ್ಯಾಂಕಿನ ಕಂಪ್ಯೂಟರಿನಲ್ಲೇ ನೋಡುವುದು. ಆದರೆ ಟಿಪ್ಪಣಿ, ವರದಿ ಎಲ್ಲ ನನ್ನ ಯಂತ್ರದಲ್ಲಿ.

ಆ ಯಂತ್ರ 2017ರಲ್ಲಿ ಕೊಂಡ ಥಿಂಕ್‌ಪ್ಯಾಡ್. ಕರಿ ಡಬ್ಬಿ, ಕೀಲಿಗಳ ನಡುವೆ ಒಂದು ಕೆಂಪು ಗುಂಡಿ. ಬೆನ್ನಿನ ಬ್ಯಾಟರಿಯನ್ನು ಕಳಚಿ ಇನ್ನೊಂದು ಸಿಕ್ಕಿಸಬಹುದು. ಮಿರಜ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ಕೂತವನಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ತಿರುಗಾಡುವವರಿಗೇ ಗೊತ್ತು. ಈಗಲೂ ಯಂತ್ರ ನಡೆಯುತ್ತದೆ. ಆದರೆ ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಬೇಕೆಂದು ಹೇಳಿರುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ನನ್ನದು ಇಲ್ಲ. ಇನ್ನೊಬ್ಬರ ಲೆಕ್ಕದ ಟಿಪ್ಪಣಿ ಇಟ್ಟುಕೊಂಡವನು ಬೀಗ ಸವೆದ ಪೆಟ್ಟಿಗೆಯನ್ನು ಬಹಳ ದಿನ ಬಳಸಬಾರದು. ಆದ್ದರಿಂದ ಬದಲಿಸುವುದು ಶೋಕಿಯಲ್ಲ, ಕರ್ತವ್ಯದ ಒಂದು ಭಾಗವೇ. ಪ್ರಶ್ನೆ ಇರುವುದು ಯಾವುದಕ್ಕೆ ಎಂಬಲ್ಲಿ.

ಮಗಳು ಫೋನಿನಲ್ಲಿ ತೀರ್ಪು ಕೊಟ್ಟಿದ್ದಾಳೆ: "ಅಪ್ಪಾ, ಮತ್ತ ಅದೇ ಕರೀ ಡಬ್ಬಿ ತಗೋಬ್ಯಾಡ. ಆಪಲ್ ತಗೋ, ಹಗುರ ಅದ." ಅವಳ ಮಾತು ಸುಳ್ಳಲ್ಲ. 13 ಇಂಚಿನ ಮ್ಯಾಕ್‌ಬುಕ್ ಏರ್ 1.24 ಕಿಲೋ ತೂಗುತ್ತದೆ. ವಿಡಿಯೋ ನೋಡುತ್ತಿದ್ದರೆ ಬ್ಯಾಟರಿ 18 ಗಂಟೆಯವರೆಗೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಅರವತ್ತು ದಾಟಿದ ಹೆಗಲಿಗೆ ಅರ್ಧ ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ. ಆದರೂ ಇಷ್ಟು ವರ್ಷದ ಬ್ರ್ಯಾಂಡು ಬಿಡುವುದೆಂದರೆ ಒಳಗೆ ಏನೋ ಚುಚ್ಚುತ್ತದೆ. ಈ ಚುಚ್ಚುವಿಕೆ ನಿಷ್ಠೆಯೋ, ಬರೀ ರೂಢಿಯೋ?

ನಿಷ್ಠೆ ಎಂದರೆ ಯಾರಿಗೆ ಎಂದು ಕೇಳಬೇಕಾಗುತ್ತದೆ. ಥಿಂಕ್‌ಪ್ಯಾಡನ್ನು 1992ರಲ್ಲಿ ತಂದದ್ದು ಐಬಿಎಂ. ಆ ಕಂಪನಿ ತನ್ನ ಪಿಸಿ ವ್ಯವಹಾರವನ್ನು ಚೀನಾದ ಲೆನೊವೊಗೆ ಮಾರುವುದಾಗಿ 2004ರ ಡಿಸೆಂಬರಿನಲ್ಲಿ ಪ್ರಕಟಿಸಿತು, 2005ರ ಮೇ ತಿಂಗಳಲ್ಲಿ ಕೊಡು-ಕೊಳ್ಳುವಿಕೆ ಮುಗಿಯಿತು. ಕರಿ ಡಬ್ಬಿ ಅದೇ, ಕೆಂಪು ಗುಂಡಿ ಅದೇ, ಮಾಲೀಕ ಬೇರೆ. ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯ ಪಾಲಾಯಿತು. ಸೋನಿ 2014ರಲ್ಲಿ ವಯೋವನ್ನು ಮಾರಿತು. ತೋಷಿಬಾದ ಲ್ಯಾಪ್‌ಟಾಪ್ ವ್ಯವಹಾರ 2018ರಲ್ಲಿ ಶಾರ್ಪ್ ಕೈಗೆ ಹೋಗಿ ಮರುವರ್ಷ ಡೈನಾಬುಕ್ ಎಂಬ ಹೆಸರು ಪಡೆಯಿತು. ನಾನು ಬ್ರ್ಯಾಂಡಿಗೆ ನಿಷ್ಠನಾಗಿದ್ದರೂ ಬ್ರ್ಯಾಂಡು ನನ್ನನ್ನು ಕೇಳಿ ಮನೆ ಬದಲಿಸುವುದಿಲ್ಲ.

ಹಳೆಯ ಮಿಲಿಂದ ಪ್ರಶ್ನೆಯಲ್ಲಿ ನಾಗಸೇನ ಭಿಕ್ಷು ರಾಜನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು? ಗಾಲಿಯೋ, ಅಚ್ಚೋ, ನೊಗವೋ? ಯಾವೊಂದೂ ರಥವಲ್ಲ; ಎಲ್ಲ ಸೇರಿದ್ದಕ್ಕೆ ನಾವಿಟ್ಟ ಹೆಸರು ರಥ. ಲ್ಯಾಪ್‌ಟಾಪಿಗೂ ಇದೇ ಮಾತು. ಪ್ರೊಸೆಸರ್ ಒಂದು ಕಂಪನಿಯದು, ಪರದೆ ಇನ್ನೊಂದರದು, ಮೆಮೊರಿ ಮೂರನೆಯದರದು. ಎದುರು ಬದುರು ಅಂಗಡಿಯಲ್ಲಿ ಜಗಳಾಡುವ ಎರಡು ಬ್ರ್ಯಾಂಡುಗಳ ಹೊಟ್ಟೆಯೊಳಗೆ ಒಂದೇ ಕಾರ್ಖಾನೆಯ ಬಿಡಿಭಾಗ ಇರುವುದುಂಟು.

ನಮ್ಮ ಬ್ಯಾಂಕಿನವರಿಗೆ ಈ ಪಾಠ ಪುಸ್ತಕದಿಂದ ಬರಬೇಕಾಗಿಲ್ಲ. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನೊಳಗೆ ಹೋಯಿತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಏಪ್ರಿಲ್ 1ರಂದೇ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ತಲೆತಲಾಂತರದಿಂದ "ನಮ್ಮ ಬ್ಯಾಂಕು" ಎಂದು ಬಂದವರು ಫಲಕ ಬದಲಾದ ಮರುದಿನವೂ ಅದೇ ಮೆಟ್ಟಿಲು ಹತ್ತಿದರು. ಯಾಕೆಂದರೆ ಅವರ ನಂಬಿಕೆ ಇದ್ದದ್ದು ಫಲಕದ ಮೇಲಲ್ಲ. ಕೌಂಟರಿನ ಹಿಂದೆ ಕೂತು, ಅಜ್ಜಿಯ ಪಿಂಚಣಿ ಬಂದಿದೆಯೋ ಇಲ್ಲವೋ ಎಂದು ತಾನಾಗಿ ನೋಡಿ ಹೇಳುತ್ತಿದ್ದ ಆ ಮನುಷ್ಯನ ಮೇಲೆ.

ಇನ್ನು ದೇಶದ ಪ್ರಶ್ನೆ. 2020ರ ಜೂನ್ ತಿಂಗಳ ಗಾಲ್ವಾನ್ ಘರ್ಷಣೆಯ ನಂತರ ಚೀನೀ ಸಾಮಾನು ಬೇಡ ಎಂಬ ಕೂಗು ಎದ್ದಿತು. ಬೆಳಗಿನ ವಾಕಿಂಗಿನ ಗೆಳೆಯರೊಬ್ಬರು ಈಗಲೂ ಇದೇ ಮಾತು ತೆಗೆಯುತ್ತಾರೆ. ಅವರ ಭಾವನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಲೆಕ್ಕ ಮಾಡಿ ನೋಡಿ: ಲೆನೊವೊಗೆ ಪುದುಚೇರಿಯಲ್ಲಿ ಕಾರ್ಖಾನೆಯಿದೆ, ಅಮೆರಿಕದ ಆಪಲ್‌ನ ಮ್ಯಾಕ್‌ಗಳು ಬಹುಮಟ್ಟಿಗೆ ಜೋಡಣೆಯಾಗುತ್ತ ಬಂದದ್ದು ಚೀನಾದಲ್ಲಿ. ನಮ್ಮ ಸರ್ಕಾರವೇ 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪು ಆಮದಿಗೆ ಪರವಾನಗಿ ಬೇಕೆಂದು ಪ್ರಕಟಿಸಿ, ಮರುದಿನವೇ ಅದನ್ನು ಮುಂದೂಡಬೇಕಾಯಿತು. ಹೆಸರು ನೋಡಿ ದೇಶ ಹೇಳುವ ಕಾಲ ಹೋಯಿತು. ಇಲ್ಲೂ ಹೆಸರು ನಮಗೆ ದಾರಿ ತೋರುವುದಿಲ್ಲ.

ರೂಢಿಯನ್ನಾದರೂ ಗೌರವಿಸಬೇಡವೇ? ಕಾಮರ್ಸ್ ಓದಿದವರಿಗೆ ಸಂಕ್ ಕಾಸ್ಟ್ ಎಂಬ ಪಾಠ ಗೊತ್ತು. ಈಗಾಗಲೇ ಹಾಕಿದ ದುಡ್ಡು, ಕಳೆದ ಕಾಲ ಮರಳಿ ಬರುವುದಿಲ್ಲ. ಮುಂದಿನ ನಿರ್ಧಾರ ಮಾಡುವಾಗ ಅದನ್ನು ತಕ್ಕಡಿಗೆ ಹಾಕಬಾರದು. ಮುಳುಗುವ ಸಾಲಕ್ಕೆ ಮತ್ತೆ ಸಾಲ ಕೊಡುವ ಮ್ಯಾನೇಜರರನ್ನು ನೋಡಿದವನಾಗಿ ಈ ಪಾಠವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೆಂಪು ಗುಂಡಿಗೆ ಒಗ್ಗಿದ ಬೆರಳು ಎರಡು ತಿಂಗಳಲ್ಲಿ ಬೇರೆಯದಕ್ಕೂ ಒಗ್ಗೀತು.

ಹಾಗಾದರೆ ಮುಗಿಯಿತಲ್ಲ, ಬದಲಿಸಿ ಎನ್ನುತ್ತೀರಿ. ನಮ್ಮ ಮನೆಯಾಕೆ ಅಂದದ್ದೂ ಅದನ್ನೇ, ತುಸು ಖಾರವಾಗಿ: "ಒಂದು ಡಬ್ಬಿ ಬದಲಿ ಮಾಡ್ಲಿಕ್ಕೆ ಇಷ್ಟು ವಿಚಾರ ಮಾಡ್ತೀರಿ. ಧಾರವಾಡ ಬಿಡೂ ಮುಂದ ಇಷ್ಟು ವಿಚಾರ ಮಾಡಿದ್ರೇನು?"

ಈ ಮಾತಿಗೆ ಉತ್ತರ ಹುಡುಕುವಾಗಲೇ ನನಗೆ ಬ್ಯಾಂಕಿನ ಒಂದು ಕ್ರಮ ನೆನಪಾದದ್ದು. ಖಾತೆ ಮುಚ್ಚುವುದು ಗ್ರಾಹಕರ ಹಕ್ಕು. ಕಾಲು ಪರ್ಸೆಂಟ್ ಬಡ್ಡಿ ಹೆಚ್ಚು ಸಿಗುತ್ತದೆಂದು ಎದುರಿನ ಬ್ಯಾಂಕಿಗೆ ಹೋದವರನ್ನು ನಾನೆಂದೂ ದ್ರೋಹಿಗಳೆಂದು ಎಣಿಸಲಿಲ್ಲ. ಆದರೆ ಮುಚ್ಚುವುದಕ್ಕೊಂದು ರೀತಿಯಿದೆ. ಉಳಿದ ಚೆಕ್ಕುಗಳನ್ನು ಹಿಂತಿರುಗಿಸಬೇಕು, ಕಂತಿಗೆ ಕೊಟ್ಟ ಸೂಚನೆಗಳನ್ನು ರದ್ದು ಮಾಡಿಸಬೇಕು, ಅಲ್ಲಿಯವರೆಗಿನ ಬಡ್ಡಿ ಹಾಕಿಸಬೇಕು, ಬಾಕಿ ಇದ್ದರೆ ಕಟ್ಟಬೇಕು. ಕೆಲವರು ಖಾತೆಯಲ್ಲಿ ನೂರಿನ್ನೂರು ರೂಪಾಯಿ ಬಿಟ್ಟು ಸುಮ್ಮನೆ ಕಾಣೆಯಾಗುತ್ತಾರೆ. ಹೋದದ್ದರಲ್ಲಿ ವ್ಯತ್ಯಾಸವಿಲ್ಲ, ಹೋದ ರೀತಿಯಲ್ಲಿದೆ. ಬಿಡುವುದು ತಪ್ಪಲ್ಲ, ಬಾಕಿ ನೋಡದೆ ಬಿಡುವುದು ತಪ್ಪು. ಹಾಗಾದರೆ ಈ ಡಬ್ಬಿಯ ಖಾತೆಯಲ್ಲಿ ಬಾಕಿ ಏನಿದೆ?

ಮೊದಲನೆಯದು ಬುಧವಾರ ಪೇಟೆಯ ಗಲ್ಲಿಯಲ್ಲಿ ಕೂರುವ ರಿಪೇರಿಯ ಹುಡುಗನದು. ಹುಡುಗ ಎನ್ನುವುದು ಅಭ್ಯಾಸ, ಈಗ ಅವನಿಗೂ ನಲವತ್ತಾಗಿದೆ. ರೈಲಿನಲ್ಲಿ ಚಹಾ ಚೆಲ್ಲಿದಾಗ ಕೀಲಿಮಣೆ ಹಾಕಿಕೊಟ್ಟ, ಮೆಮೊರಿ ಏರಿಸಿದ, ಸಡಿಲಾದ ಮುಚ್ಚಳ ಬಿಗಿದ. ಪ್ರತಿ ಸಲವೂ "ಕಾಕಾ, ಅಜೂನ್ ಚಾಲೇಲ್" ಎನ್ನುತ್ತಾನೆ, ಇನ್ನೂ ನಡೆಯುತ್ತದೆ ಎಂದು. ಈಗಿನ ತೆಳು ಯಂತ್ರಗಳಲ್ಲಿ, ಬ್ರ್ಯಾಂಡು ಯಾವುದೇ ಇರಲಿ, ಬ್ಯಾಟರಿ ಒಳಗೇ ಇರುತ್ತದೆ. ಹಲವುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅವನ ಸ್ಕ್ರೂ ಡ್ರೈವರಿಗೆ ಅಲ್ಲಿ ಕೆಲಸ ಕಡಿಮೆ. ಮಾಡಿದ ಕೆಲಸಕ್ಕೆಲ್ಲ ಆಗಿಂದಾಗ್ಗೆ ದುಡ್ಡು ಕೊಟ್ಟಿದ್ದೇನಲ್ಲ, ಲೆಕ್ಕ ಚುಕ್ತಾ ಅಲ್ಲವೇ ಎಂದು ನೀವು ಕೇಳಬಹುದು. ಕೊಟ್ಟದ್ದು ಬಿಡಿಭಾಗಕ್ಕೆ, ಅವನ ಒಂದು ಗಂಟೆಗೆ. ಒಮ್ಮೆ ಯಂತ್ರ ಏಳಲೇ ಇಲ್ಲ. ಬೋರ್ಡು ಹೋಗಿದೆ ಎಂದು ಹೇಳಿ ಅವನು ಹತ್ತು ಸಾವಿರ ಕೇಳಿದ್ದರೂ ನಾನು ಕೊಡುತ್ತಿದ್ದೆ. ತೆರೆದು ನೋಡಿ, ವಾಯರು ಸಡಿಲಾಗಿದೆ ಅಷ್ಟೇ ಎಂದು 150 ರೂಪಾಯಿ ತೆಗೆದುಕೊಂಡ. ಆ ಪ್ರಾಮಾಣಿಕತೆಗೆ ಬಿಲ್ಲಿನಲ್ಲಿ ಸಾಲಿಲ್ಲ. ದುಡ್ಡಿನಿಂದ ತೀರದೆ ಉಳಿದದ್ದು ಅದು.

ಅದನ್ನು ತೀರಿಸಲು ಸಾಯುವ ಯಂತ್ರವನ್ನು ಎಳೆದಾಡಬೇಕಿಲ್ಲ. ಅವನನ್ನೇ ಹೋಗಿ ಕೇಳಿದೆ. ಬದಲಿಸಿ ಕಾಕಾ, ತಪ್ಪೇನಿಲ್ಲ ಎಂದ. ಹಳೆಯದಕ್ಕೆ ಲಿನಕ್ಸ್ ಹಾಕಿಕೊಡುತ್ತೇನೆ, ಓದುವ ಮಕ್ಕಳು ಯಾರಾದರೂ ಇನ್ನೂ ನಾಲ್ಕು ವರ್ಷ ಬಳಸಬಹುದು ಎಂದೂ ಹೇಳಿದ. ಹೀಗೆ ಎರಡನೆಯ ಬಾಕಿ, ಅಂದರೆ ಯಂತ್ರದ್ದು, ಅವನ ಬಾಯಿಂದಲೇ ತೀರುವ ದಾರಿ ಕಂಡಿತು. ನಡೆಯುವ ವಸ್ತುವನ್ನು ಕಸವೆಂದು ಕರೆಯಬಾರದು. ಅದು ಅದರೊಳಗಿನ ಲೋಹಕ್ಕೂ ದುಡಿಮೆಗೂ ಸಲ್ಲಬೇಕಾದ ಮರ್ಯಾದೆ.

ಮೂರನೆಯದು ಕನ್ನಡದ ಬಾಕಿ. ಹಳೆಯ ಬಟ್ಟೆ ಬಿಟ್ಟು ಹೊಸದು ತೊಡುವಂತೆ ಆತ್ಮ ದೇಹ ಬದಲಿಸುತ್ತದೆಂದು ಗೀತೆ ಹೇಳುತ್ತದೆ. ನಮ್ಮ ಹಳೆಯ ನುಡಿ ಫೈಲುಗಳ ಆತ್ಮಕ್ಕೆ ಆ ಭಾಗ್ಯವಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ನಮ್ಮಂಥವರಿಗೆ ಕಂಪ್ಯೂಟರಿನಲ್ಲಿ ಬಾಯಿ ಕೊಟ್ಟಿತು, ಆ ಉಪಕಾರ ದೊಡ್ಡದು. ಆದರೆ ಯುನಿಕೋಡ್ ರೂಢಿಯಾಗುವ ಮೊದಲಿನ ಆ ಫೈಲುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ.

ನನ್ನಲ್ಲಿ ಅಂಥ ಫೈಲುಗಳು ಮುನ್ನೂರಕ್ಕೂ ಹೆಚ್ಚು. ಕೆಲವು ಇಲ್ಲಿನ ಕನ್ನಡ ಬಳಗದ ಹಳೆಯ ಲೆಕ್ಕಪತ್ರ. ಉಳಿದವು ಅವ್ವ ಹೇಳಿದವು. ಪ್ರತಿ ಭಾನುವಾರ ಫೋನಿನಲ್ಲಿ ಅವಳು ಒಂದೊಂದು ಸಂಗತಿ ಹೇಳುತ್ತಿದ್ದಳು, ನಾನು ಟೈಪು ಮಾಡುತ್ತಿದ್ದೆ: ಶೀಗಿ ಹುಣ್ಣಿವೆಗೆ ಹೊಲಕ್ಕೆ ಒಯ್ಯುತ್ತಿದ್ದ ಅಡಿಗೆ, ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಬರಗಾಲದಲ್ಲಿ ಮನೆ ಹೇಗೆ ನಡೆಯಿತು. ಅವಳು ತೀರಿಕೊಂಡದ್ದು 2011ರಲ್ಲಿ. ಪರಿವರ್ತಿಸುವ ತಂತ್ರಾಂಶಗಳಿವೆ; ಆದರೆ ಅರ್ಕಾವೊತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ, ಒಂದೊಂದು ಸಾಲನ್ನೂ ಕಣ್ಣಿಟ್ಟು ನೋಡಬೇಕು. ದಿನಕ್ಕೆ ಮೂರು ನಾಲ್ಕು ಫೈಲಿನಂತೆ ಕೆಲಸ ಸಾಗಿದೆ. ಇದು ಮುಗಿಯದೆ ಹೊಸ ಯಂತ್ರ ತರುವುದಿಲ್ಲ ಎಂದು ನಿಶ್ಚಯಿಸಿದ್ದೇನೆ. ಹೊಸದು ಬಂದ ಮೇಲೆ ಹಳೆಯದರ ಕೆಲಸ ನಾಳೆ ನಾಳೆ ಎಂದು ಜಾರುತ್ತದೆ. ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆಗೆ ಹಾಕಿದ ಬಾಬುಗಳ ಗತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮನೆಯಾಕೆಯ ಪ್ರಶ್ನೆ ಉಳಿಯಿತು. ಊರು ಬಿಟ್ಟದ್ದು ದ್ರೋಹವೇ? ಅಲ್ಲವೆಂದೇ ನನ್ನ ಉತ್ತರ. ಹೊಟ್ಟೆಪಾಡಿಗೆ, ಬಡ್ತಿಗೆ ಊರು ಬಿಡುವುದು ಮನುಷ್ಯರ ಹಕ್ಕು. ಆದರೆ ಹೊರನಾಡಿನ ನಮ್ಮಲ್ಲಿ ಒಂದು ಸುಲಭದ ದಾರಿಯಿದೆ: ಹೆಸರಿಗೆ ನಿಷ್ಠೆ ತೋರಿಸಿ, ಮನುಷ್ಯರ ಬಾಕಿಯನ್ನು ಮರೆಯುವುದು. ನವೆಂಬರಿನಲ್ಲಿ ಬಾವುಟ ಹಾರಿಸಿ, ಪೇಢೆ ಹಂಚಿ, ಧಾರವಾಡದ ಹೆಸರು ಹೇಳಿ ಕಣ್ಣು ಒದ್ದೆ ಮಾಡಿಕೊಳ್ಳುವುದು ಕಷ್ಟವಲ್ಲ. ಆದರೆ ಊರು ನಮ್ಮ ಸಾಲಗಾರನೂ ಅಲ್ಲ, ನಮಗೆ ಸಾಲ ಕೊಟ್ಟದ್ದೂ ಅಲ್ಲ. ಕೊಟ್ಟವನು ಅಲ್ಲೇ ಉಳಿದ ಅಣ್ಣ. ನಾನು ವರ್ಗಾವಣೆಯಲ್ಲಿ ತಿರುಗುವಾಗ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದವನು, ರಾತ್ರಿ ಎದ್ದು ನೀರು ಕೊಟ್ಟವನು, ಮನೆಯ ಹಂಚು ಕೈಯಾಡಿಸಿದವನು ಅವನು. ಆ ಮನೆಯ ನನ್ನ ಪಾಲನ್ನು ಅವನ ಹೆಸರಿಗೆ ಬರೆದುಕೊಟ್ಟೆ. ಅದರಿಂದ ಬಾಕಿ ತೀರಿತೆನ್ನಲಾರೆ. ಬಾಕಿ ಇದೆ ಎಂದು ಲೆಕ್ಕದಲ್ಲಿ ತೋರಿಸಿದಂತಾಯಿತು, ಅಷ್ಟೇ. ಲೆಕ್ಕದಲ್ಲಿ ತೋರಿಸದ ಬಾಕಿಗಿಂತ ಅದು ಮೇಲು.

ಕೊನೆಗೆ ಯಾವ ಬ್ರ್ಯಾಂಡು ಎಂದು ನೀವು ಕೇಳುತ್ತೀರಿ. ಇನ್ನೂ ತೊಂಬತ್ತು ಫೈಲು ಉಳಿದಿವೆ. ಅವು ಮುಗಿದ ಮೇಲೆ ಬೆಲೆ, ತೂಕ, ಬ್ಯಾಟರಿ ನೋಡಿ, ಹೆಗಲಿಗೆ ಹೊಂದುವುದನ್ನು ತರುತ್ತೇನೆ. ಬಹುಶಃ ಮಗಳು ಹೇಳಿದ್ದೇ ಆದೀತು. ಹೆಸರು ಅಂಗಡಿಯಲ್ಲಿ ಕೇಳಿಕೊಂಡರಾಯಿತು.